ಮದ್ದು, ಮಾತ್ರೆ, ಮೂತ್ರಪಿಂಡ: ಒಂದು ಅಳತೆಯ ಚರಿತ್ರೆ

೧

ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂಬ ಹೆಸರಿದ್ದಿತೆಂಬುದೂ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರು ಜನಿಸಿದ ಆ ಊರಿಗೆ ೧೮೧೮ರಲ್ಲಿ ಅವರ ಹೆಸರನ್ನಿಟ್ಟು, ೧೮೨೬ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರೆಂಬುದೂ ಚರಿತ್ರಾಭ್ಯಾಸಿಗಳಿಗೆ ತಿಳಿದ ಸಂಗತಿಗಳಾಗಿವೆ. ಆ ತಾಲ್ಲೂಕಿಗೇ ಸೇರಿದ ಮಲೆಯೂರಿನ ಬೆಟ್ಟಕ್ಕೆ ಕನಕಗಿರಿಯೆಂದು ಹೆಸರು. ರೈಸ್ ಸಾಹೇಬರು ೧೮೯೮ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ತಾಲ್ಲೂಕುಗಳ ಶಾಸನಗಳು ಸೇರಿರುವುವು. ಈ ಬೆಟ್ಟದ ಜೈನಶಾಸನಗಳೂ ಅವುಗಳಲ್ಲಿವೆ. ರಾಜಾವಳಿಕಥೆಯನ್ನು ಬರೆದ ದೇವಚಂದ್ರನು ಈ ಮಲೆಯೂರಿನವನೇ. ಜೈನ ಐತಿಹ್ಯವು ಪೂಜ್ಯಪಾದನನ್ನು ಈ ಬೆಟ್ಟದೊಡನೆ ಸೇರಿಸಿ ಹೇಳುವುದು.

ಪೂಜ್ಯಪಾದನು ಜೈನೇಂದ್ರ ವ್ಯಾಕರಣವನ್ನೂ ಸರ್ವಾರ್ಥಸಿದ್ಧಿಯನ್ನೂ ರಚಿಸಿದ ದೇವನಂದಿಯೆಂದು ಪ್ರಸಿದ್ಧನು. ಶುಭಚಂದ್ರನು ತನ್ನ ಜ್ಞಾನಾರ್ಣವದಲ್ಲಿ ಈತನ ನುಡಿಗಳು ಕಾಯ, ವಾಕ್ಕು, ಮನಸ್ಸುಗಳೆಂಬ ಮೂರರ ಮಲವನ್ನೂ ಕಳೆಯುವುವೆಂದು ಸ್ತುತಿಸಿರುವನು. ಈ ಮೂರಕ್ಕೂ ಈತನು ಕ್ರಮವಾಗಿ ವೈದ್ಯ, ವ್ಯಾಕರಣ, ಯೋಗಗಳ ವಿಷಯದಲ್ಲಿ ಗ್ರಂಥಗಳನ್ನು ಬರೆದಿದ್ದನೆಂದು ಅದರಿಂದ ಪಂಡಿತರು ಊಹಿಸುತ್ತಾರೆ. ಹದಿನೈದನೆಯ ಶತಮಾನದ ಶ್ರವಣಬೆಳ್ಗೊಳದ ಒಂದು ಶಾಸನವು ಈತನ ಔಷಧಸಿದ್ಧಿಯನ್ನು ಹೊಗಳಿ, ಈತನ ಪಾದವನ್ನು ತೊಳೆದ ನೀರು ಸೋಕಿ ಕಬ್ಬಿಣವು ಹೊನ್ನಾಯಿತೆಂದು ಹೇಳುವುದು. ರಸವಾದಿಯಾದ ನಾಗಾರ್ಜುನನು ಈತನ ಸೋದರಳಿಯನೆಂದು ಕಥೆಯುಂಟು. ವೈಯಾಕರಣನೂ ವೈದ್ಯನೂ ಒಬ್ಬನೆಯೋ ಇಬ್ಬರೋ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾದುದಿಲ್ಲ. ಒಂದಂತೂ ನಿಶ್ಚಯ: ಸುಮಾರು ೧೧೫೦ರಲ್ಲಿದ್ದ ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಿಸಿದನು, ಸುಮಾರು ೧೩೬೦ರಲ್ಲಿದ್ದ ಮಂಗರಾಜನು ವಿಷವೈದ್ಯವನ್ನು ಕುರಿತ ತನ್ನ ಖಗೇಂದ್ರಮಣಿದರ್ಪಣದಲ್ಲಿ ಪೂಜ್ಯಪಾದನ ಹೆಸರನ್ನು ಗೌರವದಿಂದ ಸ್ಮರಿಸುವನು. ಈ ಎರಡನೆಯ ಗ್ರಂಥವನ್ನು ಮದ್ರಾಸು ವಿಶ್ವವಿದ್ಯಾನಿಲಯವು ೧೯೪೨ರಲ್ಲಿ ಅಚ್ಚುಮಾಡಿಸಿತು.

ಹೀಗೆ ಕನ್ನಡದ ವೈದ್ಯಪರಂಪರೆಯು ಒಂದು ಕಡೆ ಕನಕಗಿರಿಯ ಹೆಸರಿಗೂ, ಇನ್ನೊಂದು ಕಡೆ ವಿಷದ ವಿಚಾರಕ್ಕೂ ತೊಡರಿಕೊಂಡಿದೆ. ಮದ್ದು ಯಾವಾಗ ವಿಷವಾಗುವುದು, ಅದನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಯು ಆ ಪರಂಪರೆಯಷ್ಟೇ ಹಳೆಯದು. ಅದೇ ಪ್ರಶ್ನೆಯು ಇಂದು ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ, ಪ್ರತಿಜೈವಿಕಗಳ, ಎಂದರೆ ಲೋಕವು ಆಂಟಿಬಯೋಟಿಕ್ ಎಂದು ಕರೆಯುವ ಔಷಧಗಳ ವಿಷಯದಲ್ಲಿ ಮತ್ತೆ ಎದುರಾಗಿದೆ. ಆ ಅಳತೆಯ ಚರಿತ್ರೆಯನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಶಬ್ದವಿಚಾರ. ಕನ್ನಡದಲ್ಲಿ ‘ಮದ್ದು’ ಎಂಬುದಕ್ಕೆ ಔಷಧವೆಂಬ ಅರ್ಥವಿರುವಂತೆಯೇ ವಿಷವೆಂಬ ಅರ್ಥವೂ ಇದೆ. ‘ಮದ್ದು ಕೊಟ್ಟರು’ ಎಂದರೆ ಉಪಕಾರ; ‘ಮದ್ದು ಹಾಕಿದರು’ ಎಂದರೆ ಅಪಕಾರ. ಕ್ರಿಯಾಪದವೊಂದು ಬದಲಾದ ಮಾತ್ರಕ್ಕೆ ನಾಮಪದದ ಗುಣವೇ ತಿರುಗಿಬಿಡುವುದು. ಬಂದೂಕಿನ ಪುಡಿಗೂ ಅದೇ ಹೆಸರು. ‘ಮಾತ್ರೆ’ಯೆಂಬ ಶಬ್ದವಾದರೋ ಅಳೆಯುವುದೆಂಬ ಅರ್ಥದ ಸಂಸ್ಕೃತಧಾತುವಿನಿಂದ ಬಂದುದು. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ವೈದ್ಯದಲ್ಲಿ ರೋಗಿಗೆ ಕೊಡತಕ್ಕ ಪರಿಮಾಣವು ಮಾತ್ರೆ. ಕಾಲಕ್ರಮದಲ್ಲಿ ಆ ಪರಿಮಾಣದಲ್ಲಿ ಉರುಳಿಸಿದ ಗುಳಿಗೆಗೇ ಆ ಹೆಸರು ನಿಂತಿತು. ಪಾಶ್ಚಾತ್ಯರ ‘ಡೋಸ್’ ಎಂಬ ಶಬ್ದದ ಮೂಲವಾದ ಗ್ರೀಕ್ ಪದಕ್ಕೆ ಕೊಡುವಿಕೆಯೆಂದು ಅರ್ಥ. ಅವರದು ಕೊಡುವ ಕೈಯನ್ನು ನೋಡಿ ಇಟ್ಟ ಹೆಸರು. ನಮ್ಮ ಶಬ್ದವು ತಕ್ಕಡಿಯನ್ನು ನೋಡಿ ಹುಟ್ಟಿದುದು. ಈ ಭೇದವು ಮುಂದಿನ ವಿಚಾರಕ್ಕೆ ಉಪಯುಕ್ತವಾದುದು. ಏಕೆಂದರೆ ಕಳೆದ ನೂರು ವರ್ಷಗಳ ಔಷಧಚರಿತ್ರೆಯು ಕೊಟ್ಟದ್ದೆಷ್ಟು ಎಂಬ ಪ್ರಶ್ನೆಯಿಂದ ಮೈಯಲ್ಲಿ ಉಳಿದುದೆಷ್ಟು ಎಂಬ ಪ್ರಶ್ನೆಗೆ ನಡೆದುಬಂದ ಚರಿತ್ರೆಯಾಗಿದೆ.

ಚರಕಸಂಹಿತೆಯು ಆಹಾರದ ಮಾತ್ರೆಯನ್ನು ಉಣ್ಣುವವನ ಜಠರಾಗ್ನಿಯ ಬಲದಿಂದ ನಿರ್ಣಯಿಸಬೇಕೆಂದು ವಿಧಿಸುವುದು. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಬಳಸಿದರೆ ಉತ್ತಮೌಷಧವಾಗುವುದೆಂದೂ, ಔಷಧವೂ ಯುಕ್ತಿತಪ್ಪಿದರೆ ವಿಷವಾಗುವುದೆಂದೂ ಅದೇ ಗ್ರಂಥದಲ್ಲಿ ಹೇಳಿದೆ. ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಪ್ಯಾರಾಸೆಲ್ಸಸನು ವಿಷತ್ವವು ಪರಿಮಾಣವನ್ನು ಅವಲಂಬಿಸಿದೆಯೆಂದು ವಾದಿಸಿದುದೂ ಇದೇ ಅಭಿಪ್ರಾಯವನ್ನು ಅನುಸರಿಸುವುದು. ಆದರೆ ತತ್ತ್ವವನ್ನು ಹೇಳುವುದು ಬೇರೆ, ತೂಗುವುದು ಬೇರೆ. ನಮ್ಮ ದೇಶದಲ್ಲಿ ಚಿನ್ನಕ್ಕೂ ಔಷಧಕ್ಕೂ ಗುಲಗಂಜಿಯು ತೂಕವಾಗಿದ್ದಿತು. ಅದು ಹತ್ತಿರ ಹತ್ತಿರ ಒಂದು ಗ್ರಾಮಿನ ಎಂಟನೆಯ ಒಂದು ಭಾಗ. ಆ ಬೀಜವೇ ಘೋರವಿಷವುಳ್ಳದ್ದೆಂಬುದು ವಿಚಿತ್ರವಾದ ಸಂಗತಿ. ವೈದ್ಯನು ತಕ್ಕಡಿಯ ಒಂದು ತಟ್ಟೆಯಲ್ಲಿ ಮದ್ದನ್ನಿಟ್ಟು ಇನ್ನೊಂದರಲ್ಲಿ ವಿಷವನ್ನಿಟ್ಟು ತೂಗುತ್ತಿದ್ದನು. ಮದ್ದು ಗಂಟಲಿಳಿದ ಮೇಲೆ ಆತನಿಗೆ ತಕ್ಕಡಿಯಿರಲಿಲ್ಲ. ನಾಡಿ, ನಾಲಗೆ, ಕಣ್ಣು, ಮೂತ್ರದ ಬಣ್ಣ ಇವೇ ಆತನ ಸಾಕ್ಷಿಗಳು.

ರಸೌಷಧಗಳ ವಿಷಯದಲ್ಲಿ ಈ ನ್ಯೂನತೆಯು ಅಪಾಯಕರವಾಗಿದ್ದಿತು. ಪಾದರಸವು ಮೈಯೊಳಗೆ ಸೇರಿದರೆ ಮುಖ್ಯವಾಗಿ ಮೂತ್ರಪಿಂಡದಲ್ಲಿ ಸಂಗ್ರಹವಾಗಿ, ಅಲ್ಲಿನ ನಾಳಗಳ ಮೊದಲ ಭಾಗದ ಕೋಶಗಳನ್ನು ಕೊಲ್ಲುವುದೆಂದು ಇಂದು ತಿಳಿದಿದೆ. ರಸಶಾಸ್ತ್ರಜ್ಞರು ಶೋಧನ, ಮಾರಣಗಳೆಂಬ ಸಂಸ್ಕಾರಗಳನ್ನು ಇಷ್ಟು ವಿಸ್ತಾರವಾಗಿ ವಿಧಿಸಿರುವುದನ್ನು ನೋಡಿದರೆ, ಅವರಿಗೆ ಅದರ ಕೆಡುಕು ಅನುಭವಕ್ಕೆ ಬಂದಿದ್ದಿತೆಂದು ಊಹಿಸಬಹುದಾಗಿದೆ. ಆ ಸಂಸ್ಕಾರಗಳಿಂದ ದೋಷವೆಲ್ಲವೂ ಕಳೆಯುತ್ತಿದ್ದಿತೆಂದು ಮಾತ್ರ ಹೇಳಲಾಗದು. ಪೂರ್ವಿಕರಲ್ಲಿ ಅಭಿಮಾನವಿದ್ದ ಮಾತ್ರಕ್ಕೆ ಈ ಸಂಗತಿಯನ್ನು ಮರೆಮಾಡುವುದು ಯುಕ್ತವಲ್ಲ. ನಾಗಾರ್ಜುನನ ಸಿದ್ಧರಸದ ಕಥೆಯಲ್ಲಿ ಕಬ್ಬಿಣವು ಹೊನ್ನಾಯಿತು. ರಸವನ್ನು ಕುಡಿದವರ ಮೂತ್ರಪಿಂಡವು ಏನಾಯಿತೆಂಬುದನ್ನು ಕಥೆ ಹೇಳುವುದಿಲ್ಲ.

೩

ಮೂತ್ರಪಿಂಡದ ಕಾರ್ಯವನ್ನು ಸಂಕ್ಷೇಪವಾಗಿ ತಿಳಿದಲ್ಲದೆ ಮುಂದಿನ ಕಥೆಯು ಸ್ಪಷ್ಟವಾಗದು. ಪ್ರತಿಯೊಂದು ಪಿಂಡದಲ್ಲಿಯೂ ಸುಮಾರು ೧೦ ಲಕ್ಷ ಸೂಕ್ಷ್ಮವಾದ ಜರಡಿಗಳಿವೆ. ಹೃದಯವು ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಪಾಲು ಈ ಎರಡು ಪಿಂಡಗಳಿಗೇ ಹರಿಯುವುದು. ದಿನಕ್ಕೆ ಸುಮಾರು ೧೮೦ ಲೀಟರ್ ದ್ರವವು ಸೋಸಿ ನಾಳಗಳಿಗೆ ಇಳಿಯುವುದು. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಡುವುದು. ಉಳಿದುದೆಲ್ಲವನ್ನೂ, ಅದರಲ್ಲಿನ ಲವಣ, ಸಕ್ಕರೆ, ಸಾರಾಂಶಗಳೊಡನೆ, ನಾಳದ ಕೋಶಗಳು ಮತ್ತೆ ಹೀರಿ ರಕ್ತಕ್ಕೆ ಒಪ್ಪಿಸುವುವು. ಇಂತಹ ಮಿತವ್ಯಯವುಳ್ಳ ಅಂಗವು ದೇಹದಲ್ಲಿ ಬೇರೊಂದಿಲ್ಲ. ಈ ಗುಣವೇ ಅದಕ್ಕೆ ಮುಳುವಾಗುವುದೂ ಉಂಟು. ಏಕೆಂದರೆ ಬೇಕಾದುದನ್ನು ಹೀರುವ ಕೋಶವು ಬೇಡವಾದುದನ್ನೂ ಅದರ ಜೊತೆಯಲ್ಲಿ ಹೀರಿಕೊಳ್ಳುವುದು.

ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧಗಳ ಚರಿತ್ರೆಯ ಆರಂಭದಲ್ಲಿಯೇ ಮೂತ್ರಪಿಂಡವು ಎರಡು ರೀತಿಯಲ್ಲಿ ಕಾಣಿಸಿಕೊಳ್ಳುವುದು. ೧೯೩೭ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಎಂಬ ಔಷಧವನ್ನು ಡೈಎಥಿಲಿನ್ ಗ್ಲೈಕಾಲ್ ಎಂಬ ದ್ರಾವಕದಲ್ಲಿ ಕರಗಿಸಿ ಮಾರಿದರು. ಅದನ್ನು ಕುಡಿದವರಲ್ಲಿ ನೂರಕ್ಕೂ ಹೆಚ್ಚು ಮಂದಿ, ಬಹು ಮಕ್ಕಳು ಸೇರಿ, ಮೂತ್ರವು ನಿಂತು ಮಡಿದರು. ಕೊಂದುದು ಮದ್ದಲ್ಲ, ಮದ್ದನ್ನು ಹೊತ್ತ ದ್ರವ. ಔಷಧವನ್ನು ಮಾರುವ ಮೊದಲು ಅದು ನಿರಪಾಯವೆಂದು ತೋರಿಸಬೇಕೆಂಬ ೧೯೩೮ರ ಅಮೆರಿಕದ ಶಾಸನಕ್ಕೆ ಈ ದುರಂತವೇ ಕಾರಣ.

ಎರಡನೆಯದು ಪೆನಿಸಿಲಿನ್ನಿನ ಕಥೆ. ಫ್ಲೆಮಿಂಗನು ೧೯೨೮ರಲ್ಲಿ ಕಂಡ ಈ ಪದಾರ್ಥವನ್ನು ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೇನ್, ಹೀಟ್ಲಿ ಮೊದಲಾದವರು ಶುದ್ಧಿಗೊಳಿಸಿ, ೧೯೪೧ರ ಫೆಬ್ರುವರಿ ೧೨ರಂದು ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವನಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಜ್ವರವಿಳಿದು ಹುಣ್ಣುಗಳು ಒಣಗತೊಡಗಿದುವು. ಆದರೆ ಪೆನಿಸಿಲಿನ್ನನ್ನು ಮೂತ್ರಪಿಂಡವು ಅತಿವೇಗದಿಂದ ಹೊರದೂಡುವುದು. ಇದ್ದ ಔಷಧವೋ ಅತ್ಯಲ್ಪ. ರೋಗಿಯ ಮೂತ್ರವನ್ನು ಸಂಗ್ರಹಿಸಿ, ಅದರಿಂದ ಪೆನಿಸಿಲಿನ್ನನ್ನು ಮರಳಿ ಶೋಧಿಸಿ, ಅದನ್ನೇ ಅವನಿಗೆ ಮತ್ತೆ ಚುಚ್ಚಿದರು. ಅದೂ ತೀರಿತು, ರೋಗವು ಮರುಕಳಿಸಿತು, ಮಾರ್ಚ್ ೧೫ರಂದು ಆತನು ಮೃತನಾದನು. ಕೊಟ್ಟ ಮದ್ದು ಮೈಯಲ್ಲಿ ನಿಲ್ಲದಿದ್ದರೆ ಕೊಟ್ಟೂ ಫಲವಿಲ್ಲವೆಂಬುದು ಆಗ ಪ್ರತ್ಯಕ್ಷವಾಯಿತು. ರಕ್ತದಲ್ಲಿ ಪೆನಿಸಿಲಿನ್ ಎಷ್ಟಿದೆಯೆಂದು ತಿಳಿಯಲು ಹೀಟ್ಲಿಯ ವಿಧಾನವು ಸರಳವಾದುದು: ಸೂಕ್ಷ್ಮಜೀವಿಗಳನ್ನು ಬೆಳೆಸಿದ ತಟ್ಟೆಯ ಮೇಲೆ ದ್ರವವನ್ನಿಟ್ಟು, ಅವು ಸತ್ತು ತಿಳಿಯಾದ ವೃತ್ತದ ಅಗಲವನ್ನು ಅಳೆಯುವುದು. ಗಂಟಲಿಳಿದ ಮದ್ದಿಗೂ ಒಂದು ತಕ್ಕಡಿಯು ಹೀಗೆ ದೊರೆಯಿತು.

೪

ಪೆನಿಸಿಲಿನ್ನಿನಲ್ಲಿ ಭಯವು ಕಡಮೆಯಾಗುವುದರದು. ಅದರ ಅನಂತರ ಬಂದ ಔಷಧಗಳಲ್ಲಿ ಹೆಚ್ಚಾಗುವುದರ ಭಯವೂ ಸೇರಿತು. ೧೯೪೩ರಲ್ಲಿ ವಾಕ್ಸ್‌ಮನ್ನನ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿಯು ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ನನ್ನು ತೆಗೆದನು. ಮೊದಲ ಮಳೆಗೆ ನೆಲದಿಂದೇಳುವ ಕಂಪಿಗೆ ಕಾರಣವಾದ ಜೀವಿಗಳ ಕುಲಕ್ಕೇ ಇದು ಸೇರಿದುದು. ಕ್ಷಯಕ್ಕೆ ಮದ್ದೇ ಇಲ್ಲವೆಂದಿದ್ದ ಕಾಲ ಅದು. ಮೈಸೂರಿನಲ್ಲಿ, ಆ ರೋಗದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಆರೋಗ್ಯಧಾಮದಲ್ಲಿ ಗಾಳಿ, ಬೆಳಕು, ವಿಶ್ರಾಂತಿಗಳೇ ಮುಖ್ಯ ಚಿಕಿತ್ಸೆಯಾಗಿದ್ದುವು. ಹೊಸ ಔಷಧವು ಜೀವವನ್ನು ಉಳಿಸಿತು. ಆದರೆ ಕೆಲವರಿಗೆ ಕಿವಿಯೊಳಗಿನ ಸಮತೋಲದ ಅಂಗವು ಕೆಟ್ಟು ನಡಿಗೆ ತತ್ತರಿಸಿತು. ೧೯೪೯ರಲ್ಲಿ ಬಂದ ನಿಯೊಮೈಸಿನ್ ಮೂತ್ರಪಿಂಡಕ್ಕೆ ಇಷ್ಟು ಕ್ರೂರವಾಗಿದ್ದಿತೆಂದರೆ, ಅದನ್ನು ಚುಚ್ಚುವುದನ್ನು ಬಿಟ್ಟು ಮೇಲುಲೇಪಕ್ಕೂ ಕರುಳಿಗೂ ಮೀಸಲಿಡಬೇಕಾಯಿತು. ೧೯೫೭ರಲ್ಲಿ ಜಪಾನಿನ ಉಮೆಝಾವನ ಕನಮೈಸಿನ್, ೧೯೬೩ರಲ್ಲಿ ಜೆಂಟಮೈಸಿನ್, ೧೯೭೨ರಲ್ಲಿ ಅಮಿಕಾಸಿನ್ ಪ್ರಕಟವಾದುವು. ಅಮಿನೊಗ್ಲೈಕೊಸೈಡ್ ಎಂದು ಹೆಸರಾದ ಈ ವರ್ಗವು ಅಗ್ಗವೂ ಪ್ರಬಲವೂ ಆದುದರಿಂದ ನಮ್ಮ ದೇಶದ ಸಣ್ಣ ಆಸ್ಪತ್ರೆಗಳಲ್ಲಿಯೂ ಬೇರೂರಿತು.

ಜೆಂಟಮೈಸಿನ್ನಿನಿಂದ ಮೂತ್ರಪಿಂಡವು ಕೆಡುವ ಬಗೆಯನ್ನು ವಿಸ್ತಾರವಾಗಿ ಶೋಧಿಸಿರುವರು. ಜರಡಿಯಿಂದ ಇಳಿದ ಔಷಧದ ಒಂದು ಅಂಶವನ್ನು ನಾಳದ ಮೊದಲ ಭಾಗದ ಕೋಶಗಳು ಮೆಗಲಿನ್ ಎಂಬ ಗ್ರಾಹಕದ ಮೂಲಕ ಒಳಕ್ಕೆ ಎಳೆದುಕೊಳ್ಳುವುವು. ಪಾದರಸವು ನೆಲಸುವ ನೆಲೆಯೂ ಇದೇ. ಅಲ್ಲಿ ಅದು ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಶೇಖರವಾಗಿ, ಕೋಶವು ಸಾಯುವುದು. ಇದು ಒಂದೇ ದಿನದ ಕೆಲಸವಲ್ಲ. ಸಾಮಾನ್ಯವಾಗಿ ಐದಾರು ದಿನಗಳಾದ ಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ ಏರತೊಡಗುವುದು. ಮೂತ್ರದ ಪ್ರಮಾಣವು ಕುಗ್ಗದೆಯೇ ಇರಬಹುದಾದುದರಿಂದ ಕೇಡು ಗುಟ್ಟಾಗಿ ನಡೆಯುವುದು.

ಇಲ್ಲಿ ಒಂದು ಅನಿರೀಕ್ಷಿತವಾದ ಅಂಶವು ಹೊರಪಟ್ಟಿತು. ಕೋಶದ ಹೀರುವ ಶಕ್ತಿಗೆ ಒಂದು ಮೇರೆಯುಂಟು. ಔಷಧವನ್ನು ಮೂರು ಪಾಲು ಮಾಡಿ ದಿನವೆಲ್ಲ ಕೊಟ್ಟರೆ ರಕ್ತದಲ್ಲಿ ಅದು ಎಂದಿಗೂ ಪೂರ್ತಿ ಇಳಿಯದೆ, ಕೋಶಗಳು ಬಿಡುವಿಲ್ಲದೆ ಹೀರುವುವು. ಅಷ್ಟನ್ನೇ ದಿನಕ್ಕೊಮ್ಮೆ ಒಟ್ಟಿಗೆ ಕೊಟ್ಟರೆ ಮಟ್ಟವು ಒಮ್ಮೆ ಎತ್ತರಕ್ಕೆ ಏರಿ ಬ್ಯಾಕ್ಟೀರಿಯಗಳನ್ನು ಚೆನ್ನಾಗಿ ಕೊಂದು, ಆಮೇಲೆ ಬಹುಮಟ್ಟಿಗೆ ಇಳಿದು, ಕೋಶಗಳಿಗೆ ವಿರಾಮವನ್ನು ಕೊಡುವುದು. ಆದುದರಿಂದ ವೈದ್ಯರು ಎರಡು ಅಳತೆಗಳನ್ನು ನೋಡತೊಡಗಿದರು: ಚುಚ್ಚಿದ ಬಳಿಕ ಏರುವ ಶಿಖರಮಟ್ಟ, ಮುಂದಿನ ಸೂಜಿಗೆ ಮುಂಚೆ ಉಳಿಯುವ ತಳಮಟ್ಟ. ದಿನಕ್ಕೆ ಮೂರು ಸಲ ಕೊಡುವ ಹಳೆಯ ಪದ್ಧತಿಯಲ್ಲಿ ಜೆಂಟಮೈಸಿನ್ನಿನ ತಳಮಟ್ಟವು ಲೀಟರಿಗೆ ೨ ಮಿಲಿಗ್ರಾಂ ಮೀರಬಾರದೆಂದೂ, ದಿನಕ್ಕೊಮ್ಮೆ ಕೊಡುವಾಗ ೧ಕ್ಕಿಂತ ಕೆಳಗಿರಬೇಕೆಂದೂ ನಿಯಮವಾಯಿತು. ಮಾತ್ರೆಯೆಂಬುದು ಇಲ್ಲಿ ತೂಕವಷ್ಟೇ ಅಲ್ಲದೆ ಕಾಲವೂ ಆಯಿತು. ಅಕ್ಷರದ ಮಾತ್ರೆಯನ್ನು ಕಾಲದಿಂದ ಅಳೆಯುವ ಛಂದಸ್ಸಿನವರಿಗೆ ಇದರಲ್ಲಿ ಹೊಸತೇನೂ ಕಾಣದು.

೫

ಅಳತೆಯು ದೊರೆತೊಡನೆ ಸಂಶಯವೆಲ್ಲ ಪರಿಹಾರವಾಯಿತೆಂದು ಭಾವಿಸಬಾರದು. ವ್ಯಾಂಕೊಮೈಸಿನ್ನಿನ ಚರಿತ್ರೆಯು ಇದಕ್ಕೆ ನಿದರ್ಶನ. ಬೋರ್ನಿಯೊ ದ್ವೀಪದಿಂದ ಪಾದ್ರಿಯೊಬ್ಬನು ಕಳುಹಿಸಿದ ಮಣ್ಣಿನಿಂದ ೧೯೫೦ರ ದಶಕದಲ್ಲಿ ತೆಗೆದ ಈ ಔಷಧವು ೧೯೫೮ರಲ್ಲಿ ಬಳಕೆಗೆ ಬಂದಿತು. ಮೊದಲ ತಯಾರಿಕೆಗಳು ಕಂದುಬಣ್ಣದವಾಗಿದ್ದುದರಿಂದ ಅದಕ್ಕೆ ಮಿಸಿಸಿಪಿಯ ಕೆಸರೆಂದು ಅಡ್ಡಹೆಸರಿಟ್ಟಿದ್ದರು. ಪೆನಿಸಿಲಿನ್ ಜಾತಿಯ ಔಷಧಗಳಿಗೆ ಬಗ್ಗದ ಸ್ಟೆಫಿಲೊಕಾಕಸ್ ಹರಡಿದ ಮೇಲೆ ಅದಕ್ಕೆ ಪ್ರಾಶಸ್ತ್ಯವು ಬಂದಿತು. ೨೦೦೯ರಲ್ಲಿ ಅಮೆರಿಕದ ತಜ್ಞರು, ಕಠಿಣವಾದ ಸೋಂಕುಗಳಲ್ಲಿ ತಳಮಟ್ಟವನ್ನು ಲೀಟರಿಗೆ ೧೫ರಿಂದ ೨೦ ಮಿಲಿಗ್ರಾಮಿನವರೆಗೆ ಇರಿಸಬೇಕೆಂದು ಉಪದೇಶಿಸಿದರು. ಅದರಂತೆ ನಡೆದ ಕಡೆಗಳಲ್ಲಿ ಮೂತ್ರಪಿಂಡದ ಹಾನಿಯು ಹೆಚ್ಚಾಗಿ ಕಂಡುಬಂದಿತು.

ಇಲ್ಲಿ ಚರಿತ್ರಕಾರನಿಗೂ ಪರಿಚಿತವಾದ ತೊಡಕೊಂದು ಎದುರಾಯಿತು. ಔಷಧದ ಮಟ್ಟವು ಹೆಚ್ಚಿದುದರಿಂದ ಮೂತ್ರಪಿಂಡವು ಕೆಟ್ಟಿತೋ, ಮೂತ್ರಪಿಂಡವು ಬೇರೆ ಕಾರಣದಿಂದ ಕೆಟ್ಟುದರಿಂದ ಔಷಧವು ಹೊರಹೋಗದೆ ಮಟ್ಟವು ಹೆಚ್ಚಿತೋ? ಎರಡೂ ಒಂದೇ ಪತ್ರಿಕೆಯಲ್ಲಿ ಒಂದೇ ದಿನ ಬರೆಯಲ್ಪಟ್ಟಿರುವುವು. ತೀವ್ರರೋಗಿಗಳಲ್ಲಿ ರಕ್ತದೊತ್ತಡದ ಕುಸಿತವೂ ಸೋಂಕಿನ ವಿಷವೂ ತಾವಾಗಿಯೇ ಪಿಂಡವನ್ನು ಕೆಡಿಸುವುವು. ಹಾಗೆ ಕೆಟ್ಟ ಪಿಂಡವು ಔಷಧವನ್ನು ಉಳಿಸಿಕೊಳ್ಳುವುದು. ಉಳಿದ ಔಷಧವು ಪಿಂಡವನ್ನು ಇನ್ನಷ್ಟು ಕೆಡಿಸುವುದು. ಒಂದಾದ ಮೇಲೆ ಇನ್ನೊಂದು ಬಂದಿತೆಂಬ ಮಾತ್ರಕ್ಕೆ ಮೊದಲನೆಯದು ಕಾರಣವಾಗದೆಂಬ ತರ್ಕಶಾಸ್ತ್ರದ ಎಚ್ಚರಿಕೆಯು ಇಲ್ಲಿ ಪ್ರಾಣಕ್ಕೆ ಸಂಬಂಧಪಟ್ಟುದಾಗಿದೆ. ಸಾಕ್ಷ್ಯಗಳನ್ನು ಒಟ್ಟಿಗೆ ತೂಗಿ, ೨೦೨೦ರಲ್ಲಿ ಅದೇ ತಜ್ಞರು ತಳಮಟ್ಟವನ್ನು ಬಿಟ್ಟು, ಇಡೀ ದಿನದಲ್ಲಿ ರಕ್ತವು ಔಷಧಕ್ಕೆ ಒಡ್ಡಿಕೊಳ್ಳುವ ಒಟ್ಟು ಪರಿಮಾಣವನ್ನು ಆಧಾರವಾಗಿ ಹಿಡಿಯಬೇಕೆಂದು ತಮ್ಮ ಮೊದಲ ಅಭಿಪ್ರಾಯವನ್ನು ತಿದ್ದಿಕೊಂಡರು. ಹನ್ನೊಂದು ವರ್ಷಗಳಲ್ಲಿ ಒಂದು ಪ್ರಮಾಣಗ್ರಂಥವು ತನ್ನ ಪಾಠವನ್ನು ತಾನೇ ತಿದ್ದಿದುದು ಶಾಸ್ತ್ರಕ್ಕೆ ಭೂಷಣವೇ ಸರಿ.

ಕೊಲಿಸ್ಟಿನ್ನಿನ ಕಥೆಯು ಇನ್ನೂ ಕಠಿಣವಾದುದು. ೧೯೪೦ರ ದಶಕದ ಕೊನೆಯ ವೇಳೆಗೆ ಜಪಾನಿನಲ್ಲಿ ತೆಗೆದ ಈ ಔಷಧವನ್ನು ಮೂತ್ರಪಿಂಡಕ್ಕೆ ಕೇಡೆಂದು ೧೯೭೦ರ ದಶಕದಿಂದ ಬಹುಮಟ್ಟಿಗೆ ಬದಿಗಿಟ್ಟಿದ್ದರು. ಆಮೇಲೆ ಕಾರ್ಬಪೆನೆಮ್ ವರ್ಗದ ಔಷಧಗಳಿಗೂ ಜಗ್ಗದ ಬ್ಯಾಕ್ಟೀರಿಯಗಳು ಹುಟ್ಟಿದುವು. ೨೦೦೯ರಲ್ಲಿ ವರ್ಣಿತವಾಗಿ ದೆಹಲಿಯ ಹೆಸರನ್ನು ಹೊತ್ತ ಕಿಣ್ವವು ಅವುಗಳ ಆಯುಧಗಳಲ್ಲಿ ಒಂದು. ಬೇರೆ ಮದ್ದಿಲ್ಲದೆ, ಮೂಲೆಗೆ ಎಸೆದಿದ್ದ ಕೊಲಿಸ್ಟಿನ್ನನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ಅದಕ್ಕೆ ರಕ್ತದಲ್ಲಿ ಬೇಕಾದ ಮಟ್ಟವು ಲೀಟರಿಗೆ ಸುಮಾರು ೨ ಮಿಲಿಗ್ರಾಂ. ಅದನ್ನು ಮೀರಿದರೆ ಮೂತ್ರಪಿಂಡದ ಹಾನಿಯು ಏರುತ್ತ ಹೋಗುವುದು. ಗುಣದ ಗೆರೆಗೂ ದೋಷದ ಗೆರೆಗೂ ನಡುವೆ ಕಾಲಿಡಲು ಸ್ಥಳವಿಲ್ಲ. ಕೋಳಿ, ಮೀನು ಮುಂತಾದ ಆಹಾರಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಭಾರತಸರ್ಕಾರವು ೨೦೧೯ರಲ್ಲಿ ನಿಷೇಧಿಸಿತು. ಕೊನೆಯ ಮದ್ದನ್ನು ಕೋಳಿಯ ಮೇವಿನಲ್ಲಿ ಕಳೆದುಕೊಳ್ಳಬಾರದೆಂಬುದು ಅದರ ಉದ್ದೇಶ.

೬

ತೀವ್ರವಾದ ಕಾಯಿಲೆಯಲ್ಲಿ ಈ ಅಳತೆಯು ಏಕೆ ಇಷ್ಟು ತೊಡಕಾಗುವುದೆಂಬುದನ್ನು ಈಗ ವಿಚಾರಿಸಬಹುದು. ಇಂತಹ ರೋಗಿಯ ರಕ್ತನಾಳಗಳು ಸೋರುವುವು. ರಕ್ತದೊತ್ತಡವನ್ನು ಹಿಡಿಯಲು ಲೀಟರುಗಟ್ಟಲೆ ದ್ರವವನ್ನು ಏರಿಸುವರು. ಆ ನೀರಿನಲ್ಲಿ ಔಷಧವು ತೆಳುವಾಗುವುದು. ಕೆಲವರಲ್ಲಿ, ಮುಖ್ಯವಾಗಿ ಪ್ರಾಯದವರಲ್ಲಿ, ಮೂತ್ರಪಿಂಡವು ಸಹಜಕ್ಕಿಂತ ವೇಗವಾಗಿ ಸೋಸಿ ಔಷಧವನ್ನು ಹೊರಚೆಲ್ಲುವುದು. ಬೇರೆ ಕೆಲವರಲ್ಲಿ ಅದು ನಿಂತೇಹೋಗುವುದು. ಯಂತ್ರದಿಂದ ರಕ್ತವನ್ನು ಸೋಸುತ್ತಿದ್ದರೆ ಲೆಕ್ಕವು ಮತ್ತೊಂದು. ಪಕ್ಕಪಕ್ಕದ ಹಾಸಿಗೆಗಳಲ್ಲಿರುವ ಇಬ್ಬರಿಗೆ ಒಂದೇ ಮಾತ್ರೆಯನ್ನು ಕೊಟ್ಟರೆ ಒಬ್ಬನಲ್ಲಿ ಅದು ಸಾಲದೆ, ಇನ್ನೊಬ್ಬನಲ್ಲಿ ವಿಷವಾಗಬಹುದು. ೨೦೧೪ರಲ್ಲಿ ಪ್ರಕಟವಾದ, ಹತ್ತು ದೇಶಗಳ ೬೮ ಆಸ್ಪತ್ರೆಗಳನ್ನು ಒಳಗೊಂಡ ಒಂದು ಪರಿಶೀಲನದಲ್ಲಿ, ಪೆನಿಸಿಲಿನ್ ಬಳಗದ ಔಷಧಗಳನ್ನು ಪಡೆದ ತೀವ್ರರೋಗಿಗಳಲ್ಲಿ ನೂರಕ್ಕೆ ೧೬ ಮಂದಿಗೆ ಕನಿಷ್ಠವಾಗಿ ಬೇಕಾದ ಮಟ್ಟವೂ ಒದಗಿರಲಿಲ್ಲವೆಂದು ತಿಳಿದುಬಂದಿತು. ಆದುದರಿಂದ ಮೂತ್ರಪಿಂಡದ ಭಯದಿಂದ ಎಲ್ಲರಿಗೂ ಕಡಮೆ ಕೊಡುವುದು ಪರಿಹಾರವಲ್ಲ. ಸೋಂಕೇ ಪಿಂಡವನ್ನು ಕೆಡಿಸುವ ಮೊದಲನೆಯ ಶತ್ರು.

ಮೂತ್ರಪಿಂಡದ ಹಾನಿಯನ್ನು ಗುರುತಿಸುವ ಸಾಧನವೂ ನಿರ್ದುಷ್ಟವಲ್ಲ. ೨೦೧೨ರ ಅಂತರರಾಷ್ಟ್ರೀಯ ನಿರ್ಣಯದಂತೆ, ಕ್ರಿಯಾಟಿನಿನ್ ೪೮ ಗಂಟೆಗಳಲ್ಲಿ ಡೆಸಿಲೀಟರಿಗೆ ೦.೩ ಮಿಲಿಗ್ರಾಂ ಏರಿದರೂ, ಏಳು ದಿನಗಳೊಳಗೆ ಒಂದೂವರೆ ಪಾಲಾದರೂ, ಅಥವಾ ಮೂತ್ರವು ಆರು ಗಂಟೆಗಳ ಕಾಲ ಮೈತೂಕದ ಕಿಲೋಗ್ರಾಮಿಗೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಮೆಯಾದರೂ ಅದನ್ನು ತೀವ್ರ ಹಾನಿಯೆಂದು ಎಣಿಸಬೇಕು. ಆದರೆ ಕ್ರಿಯಾಟಿನಿನ್ ಮಾಂಸಖಂಡದಿಂದ ಹುಟ್ಟುವುದು. ಬಹುದಿನ ಹಾಸಿಗೆ ಹಿಡಿದು ಮಾಂಸವು ಕರಗಿದವನಲ್ಲಿ, ಏರಿಸಿದ ನೀರಿನಿಂದ ರಕ್ತವು ತೆಳುವಾದವನಲ್ಲಿ, ಅದು ಕಡಮೆಯಾಗಿಯೇ ಕಾಣುವುದು. ಪತ್ರಿಕೆಯಲ್ಲಿ ಅಂಕಿಯು ಸಮಾಧಾನಕರವಾಗಿದ್ದರೂ ಪಿಂಡವು ಅರ್ಧ ಕೆಟ್ಟಿರಬಹುದು.

೭

ಈ ವಿಚಾರವು ದೂರದೇಶದ್ದಲ್ಲ. ಗುಂಡ್ಲುಪೇಟೆಯ ಹೊಲಗಳು ಒಂದು ಕಡೆ ಬಂಡೀಪುರದ ಕಾಡಿಗೆ ತಗಲಿರುವುವು. ಹೊಲಗದ್ದೆಗಳಲ್ಲಿ ದುಡಿಯುವವರನ್ನು ಕಚ್ಚುವ ಹಾವುಗಳಲ್ಲಿ ಕೊಳಕುಮಂಡಲವು ಮುಖ್ಯವಾದುದು. ಸುಶ್ರುತನು ಹಾವುಗ�ಳನ್ನು ವಿಂಗಡಿಸುವಾಗ ಮಂಡಲಿಗಳೆಂದು ಕರೆದ ವರ್ಗವು ಇಂತಹುದೇ. ಇದರ ವಿಷವು ರಕ್ತವನ್ನು ಕೆಡಿಸುವುದಲ್ಲದೆ ಮೂತ್ರಪಿಂಡವನ್ನೂ ಕೆಡಿಸುವುದು. ಕಚ್ಚಿದ ಕಾಲು ಊದಿ ಕೊಳೆತರೆ ಪ್ರತಿಜೈವಿಕವು ಬೇಕಾಗುವುದು. ಆಗ ಮದ್ದು ಬೀಳುವುದು ಮೊದಲೇ ಪೆಟ್ಟುತಿಂದ ಪಿಂಡದ ಮೇಲೆ. ಮಂಗರಾಜನ ಕಾಲದ ಗಾರುಡಿಗನಿಗೂ ಇಂದಿನ ವೈದ್ಯನಿಗೂ ರೋಗಿಯು ಒಬ್ಬನೇ. ಒಂದೇ ನೆಲದಲ್ಲಿ ಕಾಲಿಟ್ಟವನು.

ಚಾಮರಾಜನಗರವು ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, ೨೦೧೬ರಲ್ಲಿ ಅಲ್ಲಿ ಸರ್ಕಾರಿ ವೈದ್ಯವಿದ್ಯಾಲಯವು ಆರಂಭವಾಯಿತು. ಅದಕ್ಕೆ ಮುಂಚೆ ಕಠಿಣರೋಗಿಗಳಿಗೆ ನಂಜನಗೂಡಿನ ದಾರಿಯಾಗಿ ಮೈಸೂರೇ ಗತಿಯಾಗಿದ್ದಿತು. ವಿಷವನ್ನುಂಡವನೆಂದು ಹೆಸರಾದ ನಂಜುಂಡೇಶ್ವರನಿಗೆ ಹರಕೆಯನ್ನು ಹೊತ್ತು ಹೋದವರು ಎಷ್ಟು ಮಂದಿಯೋ! ೨೦೨೧ರ ಮೇ ೨ ಮತ್ತು ೩ರಂದು ಆಮ್ಲಜನಕವು ಸಾಲದೆ ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಗಳು ಮಡಿದುದನ್ನು, ಆ ಒಂದು ದಿನದಲ್ಲಿ ಸತ್ತವರ ಸಂಖ್ಯೆ ೨೪ ಎಂದು ವರದಿಯಾದುದನ್ನು, ಜಿಲ್ಲೆಯ ಜನರು ಮರೆತಿಲ್ಲ. ಆ ದುರಂತದ ಕಾರಣಗಳು ಬೇರೆ. ಆದರೆ ತೀವ್ರಚಿಕಿತ್ಸೆಯಲ್ಲಿ ಗಾಳಿಯಾಗಲಿ, ನೀರಾಗಲಿ, ಮದ್ದಾಗಲಿ, ಎಷ್ಟಿದೆಯೆಂದು ಹೊತ್ತಿಗೆ ಸರಿಯಾಗಿ ಅಳೆದು ತಿಳಿಯದಿದ್ದರೆ ಉಳಿದುದೆಲ್ಲವೂ ವ್ಯರ್ಥವೆಂಬುದಕ್ಕೆ ಅದಕ್ಕಿಂತ ಕಠೋರವಾದ ಪಾಠವು ಬೇಕಿಲ್ಲ.

ಪ್ರತಿಜೈವಿಕಗಳನ್ನು ತಯಾರಿಸುವುದರಲ್ಲಿ ಕರ್ಣಾಟಕವು ಹಿಂದುಳಿದಿಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಎಂಬ ಸರ್ಕಾರಿ ಸಂಸ್ಥೆಯು ೧೯೮೧ರಲ್ಲಿಯೇ ಸ್ಥಾಪಿತವಾಯಿತು. ಔಷಧವನ್ನು ತಯಾರಿಸಿ ಹಂಚುವಷ್ಟು ಸುಲಭವಾಗಿ ಅದರ ರಕ್ತಮಟ್ಟವನ್ನು ಅಳೆಯುವ ಪರೀಕ್ಷೆಯನ್ನು ಹಂಚಲಾಗದು. ಅದಕ್ಕೆ ಯಂತ್ರವೂ ತರಬೇತಾದ ಕೈಯೂ ಬೇಕು, ಫಲಿತಾಂಶವು ಮುಂದಿನ ಸೂಜಿಗೆ ಮುಂಚೆ ಬರಬೇಕು. ಪರೀಕ್ಷೆಯಿಲ್ಲದ ಕಡೆ ಮಾಡಬಹುದಾದುದೂ ಅಲ್ಪವಲ್ಲ: ಗಂಟೆಗಂಟೆಗೂ ಮೂತ್ರವನ್ನು ಅಳೆಯುವುದು, ದಿನವೂ ಕ್ರಿಯಾಟಿನಿನ್ನನ್ನು ನೋಡಿ ಮಾತ್ರೆಯನ್ನು ತಿದ್ದುವುದು, ನೋವಿಗೆಂದು ಕೊಡುವ ಕೆಲವು ಸಾಮಾನ್ಯ ಗುಳಿಗೆಗಳೂ ಪಿಂಡಕ್ಕೆ ಕೇಡೆಂಬುದನ್ನು ನೆನೆದು ಎರಡು ಕೇಡುಗಳನ್ನು ಕೂಡಿಸದಿರುವುದು, ಎರಡು ಮೂರು ದಿನಗಳಾದ ಮೇಲೆ ಔಷಧವು ಇನ್ನೂ ಬೇಕೇ ಎಂದು ಕೇಳಿಕೊಂಡು, ಬೇಡವಾದರೆ ನಿಲ್ಲಿಸುವುದು. ಅಮಿನೊಗ್ಲೈಕೊಸೈಡುಗಳಿಂದಾಗುವ ಹಾನಿಯು ಹೆಚ್ಚಾಗಿ ಐದಾರು ದಿನಗಳ ಬಳಿಕ ತೋರುವುದೆಂಬುದನ್ನು ನೆನೆದರೆ, ಈ ಕೊನೆಯ ಪ್ರಶ್ನೆಯು ಎಷ್ಟು ಜನರ ಪಿಂಡಗಳನ್ನು ಕಾಯಬಲ್ಲುದೆಂಬುದು ಸ್ಪಷ್ಟವಾಗುವುದು.

ವೈದ್ಯಗ್ರಂಥಗಳ ಸಂಶೋಧಕರಿಗೂ ಇದರಿಂದ ಒಂದು ಕರ್ತವ್ಯವು ಏರ್ಪಡುವುದು. ಹಳೆಯ ಕನ್ನಡ ವೈದ್ಯಗ್ರಂಥಗಳನ್ನು ಸಂಪಾದಿಸುವಾಗ ಮೂಲಿಕೆಗಳ ಹೆಸರುಗಳಿಗೂ ಪದ್ಯಗಳ ಪಾಠಾಂತರಗಳಿಗೂ ಸಲ್ಲುವಷ್ಟು ಗಮನವು ತೂಕ, ಕಾಲ, ರೋಗಿಯ ಬಲಾಬಲಗಳನ್ನು ಹೇಳುವ ಭಾಗಗಳಿಗೂ ಸಲ್ಲಬೇಕು. ಲಿಪಿಕಾರನ ಕೈಯಲ್ಲಿ ಒಂದು ಗುಲಗಂಜಿಯು ಎರಡಾದರೆ ಛಂದಸ್ಸು ಕೆಡದಿರಬಹುದು. ಅದನ್ನು ನಂಬಿ ಮದ್ದು ಕೊಟ್ಟವನ ರೋಗಿಯು ಕೆಡುವನು. ಹಾಗೆಯೇ ಆ ಯೋಗಗಳನ್ನು ಅಚ್ಚಿನಲ್ಲಿ ಓದಿದವರು ಪರೀಕ್ಷೆಯಿಲ್ಲದೆ ಅವನ್ನು ಪ್ರಯೋಗಿಸಬಾರದೆಂಬ ಎಚ್ಚರಿಕೆಯೂ ಸಂಪಾದಕನ ಮೇಲಿರುವ ಹೊಣೆ. ಕನಕಗಿರಿಯ ಶಾಸನಗಳನ್ನು ಓದಿದಷ್ಟೇ ಜಾಗರೂಕತೆಯಿಂದ ಈ ಭಾಗಗಳನ್ನು ಓದಿ, ಯಾವ ಕಾಲದಲ್ಲಿ ಯಾವ ತೂಕವು ನಡೆಯುತ್ತಿದ್ದಿತೆಂದು ನಿಷ್ಕರ್ಷಿಸಿದರೆ, ಪೂಜ್ಯಪಾದನ ಹೆಸರನ್ನು ಹೊತ್ತ ಪರಂಪರೆಯು ಮಾತ್ರೆಯನ್ನು ನಿಜವಾಗಿ ಹೇಗೆ ತೂಗುತ್ತಿದ್ದಿತೆಂಬುದನ್ನು ಐತಿಹ್ಯವನ್ನು ಬಿಟ್ಟು ಆಧಾರದಿಂದ ಹೇಳಲು ಸಾಧ್ಯವಾಗುವುದು.